ಬಾಚಣಿಗೆಯಂಥ ಕೈಗಳು

ರಷ್ಯಾದ ವಾಯವ್ಯ ಭಾಗದಲ್ಲಿ ವೋಲ್ಖೋವ್ ನದಿಯ ದಂಡೆಯ ಮೇಲೆ ನೋವ್‌ಗೊರೊದ್ ಎಂಬ ಹಳೆಯ ಊರಿದೆ. ಅಲ್ಲಿನ ನೆಲ ಸದಾ ತೇವ. ಮಣ್ಣಿನಡಿ ಸೇರಿದ ಮರ, ಚರ್ಮ, ತೊಗಟೆಗಳಿಗೆ ಗಾಳಿ ಸೋಕುವುದಿಲ್ಲವಾಗಿ ಅವು ನೂರಾರು ವರ್ಷ ಕೊಳೆಯದೆ ಉಳಿಯುತ್ತವೆ. ಭೂರ್ಜ ಮರದ ತೊಗಟೆಯ ಮೇಲೆ ಮೊನಚು ಕಡ್ಡಿಯಿಂದ ಗೀರಿ ಬರೆದ ಪತ್ರಗಳು 1951ರಿಂದ ಅಲ್ಲಿನ ಉತ್ಖನನದಲ್ಲಿ ಸಿಗತೊಡಗಿದವು. ಹೆಚ್ಚಿನವು ವ್ಯಾಪಾರ, ಸಾಲ, ಮನೆಮಾತಿನ ಓಲೆಗಳು. 1956ರ ಜುಲೈನಲ್ಲಿ ಸಿಕ್ಕ ಕೆಲವು ತುಂಡುಗಳು ಮಾತ್ರ ಬೇರೆ ತರಹದವು. ಅವು ಆನ್ಫಿಮ್ ಎಂಬ ಹುಡುಗನವು. ಅವನು ಬದುಕಿದ್ದುದು ಹದಿಮೂರನೇ ಶತಮಾನದ ನಡುವಿನಲ್ಲಿ, ಅಂದರೆ ಇತ್ತ ಕೇಶಿರಾಜ ‘ಶಬ್ದಮಣಿದರ್ಪಣ’ ರಚಿಸಿದ ಕಾಲದ ಆಸುಪಾಸಿನಲ್ಲಿ. ಹುಡುಗನಿಗೆ ಆರೋ ಏಳೋ ವರ್ಷ ಇದ್ದಿರಬೇಕು ಎಂದು ವಿದ್ವಾಂಸರ ಅಂದಾಜು.

ಒಂದು ತುಂಡಿನ ಮೇಲೆ ಅವನು ಅಕ್ಷರಮಾಲೆ ಬರೆಯಲು ಕೂತಿದ್ದಾನೆ. ಹತ್ತು ಹನ್ನೊಂದು ಅಕ್ಷರ ಆಗುವಷ್ಟರಲ್ಲಿ ಸಾಕಾಗಿದೆ. ಉಳಿದ ಜಾಗದಲ್ಲಿ ಒಂದು ಕುದುರೆ ಬರೆದಿದ್ದಾನೆ. ಅದರ ಮೇಲೆ ಸವಾರ, ಸವಾರನ ಕೈಯಲ್ಲಿ ಈಟಿ, ಈಟಿಯ ತುದಿಯಲ್ಲಿ ನೆಲಕ್ಕೆ ಬಿದ್ದ ವೈರಿ. ಪಕ್ಕದಲ್ಲೇ ತನ್ನ ಹೆಸರನ್ನೂ ಬರೆದಿದ್ದಾನೆ. ಇನ್ನೊಂದು ತುಂಡಿನಲ್ಲಿ ಉದ್ದ ಕತ್ತಿನ, ಸುರುಳಿ ಬಾಲದ ಮೃಗವಿದೆ. ತಾನೇ ಆ ಮೃಗ ಎಂದು ಅದರ ಜೊತೆಗೆ ಬರೆದುಕೊಂಡಿದ್ದಾನೆ. ಅವನ ಮನುಷ್ಯರ ಕೈಗಳು ಬಾಚಣಿಗೆಯ ಹಾಗಿವೆ. ಒಂದು ಕೈಗೆ ಮೂರು ಹಲ್ಲು, ಮತ್ತೊಂದಕ್ಕೆ ಐದಕ್ಕಿಂತ ಹೆಚ್ಚು.

ನಮ್ಮ ಊರಿನ ಯಾವುದೇ ಅಂಗನವಾಡಿಯಲ್ಲಿ ಇವತ್ತು ಬಳಪ ಹಿಡಿದು ಕೂತ ಮಗುವಿನ ಸ್ಲೇಟಿನ ಮೇಲೂ ಇದೇ ಕೈ ಸಿಗುತ್ತದೆ. ಎಂಟುನೂರು ವರ್ಷಗಳ, ಸಾವಿರಾರು ಮೈಲಿಗಳ ಅಂತರದ ಎರಡು ಮಕ್ಕಳು ಒಬ್ಬರನ್ನೊಬ್ಬರು ನೋಡಿ ಬರೆಯಲಿಲ್ಲ. ಹಾಗಾದರೆ ಬಾಚಣಿಗೆಯ ಕೈ ಎಲ್ಲಿಂದ ಬಂತು? ಈ ಅಧ್ಯಾಯ ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟಿದೆ.

ಹೊರಡುವ ಮೊದಲು ನಮ್ಮ ಭಾಷೆಯ ಒಂದು ಜಾಣತನವನ್ನು ಗಮನಿಸಬೇಕು. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ‘ಬರೆ’ ಎಂದರೆ ಗೆರೆಯೂ ಹೌದು. ಗ್ರೀಕರ ‘ಗ್ರಾಫೇನ್’ ಎಂಬ ಕ್ರಿಯಾಪದಕ್ಕೂ ಗೀರು, ಚಿತ್ರಿಸು, ಬರೆ ಎಂಬ ಮೂರೂ ಅರ್ಥಗಳಿದ್ದವು. ದೊಡ್ಡವರಾದ ಮೇಲೆ ನಾವು ಚಿತ್ರವನ್ನು ಆಟದ ಕಡೆಗೂ ಬರವಣಿಗೆಯನ್ನು ಪಾಠದ ಕಡೆಗೂ ದೂಡಿ ನಡುವೆ ಗೋಡೆ ಎಬ್ಬಿಸುತ್ತೇವೆ. ಮಗುವಿಗೆ ಆ ಗೋಡೆ ಗೊತ್ತಿಲ್ಲ.

ವರ್ಷ ತುಂಬಿ ಕೆಲವು ತಿಂಗಳಾದ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು ನೋಡಿ. ಒನಕೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿಯುತ್ತದೆ. ಕುಟ್ಟುತ್ತದೆ, ಎಳೆಯುತ್ತದೆ. ಚಲನೆ ಬರುವುದು ಭುಜದಿಂದ, ಆಮೇಲೆ ಮೊಣಕೈಯಿಂದ. ಬೆರಳುಗಳಿಗೆ ಇನ್ನೂ ಕೆಲಸವಿಲ್ಲ. ಇದು ಬರೀ ಕೈಯಾಡಿಸುವ ಖುಷಿ ಎಂದು ಬಹಳ ಜನ ಅಂದುಕೊಂಡಿದ್ದರು. 1968ರಲ್ಲಿ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ ಮತ್ತು ಯೋನಾಸ್ ಅವರು ಇದನ್ನು ಸರಳವಾಗಿ ಪರೀಕ್ಷಿಸಿದರು. ಪುಟ್ಟ ಮಕ್ಕಳಿಗೆ ಎರಡು ಬಗೆಯ ಕಡ್ಡಿ ಕೊಟ್ಟರು: ಒಂದು ಗುರುತು ಮೂಡಿಸುತ್ತದೆ, ಇನ್ನೊಂದು ಮೂಡಿಸುವುದಿಲ್ಲ. ಗುರುತು ಮೂಡದ ಕಡ್ಡಿಯನ್ನು ಮಕ್ಕಳು ಬಹುಬೇಗ ಬಿಟ್ಟುಬಿಟ್ಟವು. ಅಂದರೆ ಮಗುವಿಗೆ ಬೇಕಾದದ್ದು ಗೆರೆ. ‘ನಾನು ಕೈಯಾಡಿಸಿದೆ, ಇಲ್ಲಿ ಏನೋ ಉಳಿಯಿತು’ ಎಂಬುದು ಅದರ ಮೊದಲ ಬೆರಗು. ಗೋಡೆಯ ಮೇಲೆ ಗೀಚಿದ್ದಕ್ಕೆ ಮಕ್ಕಳನ್ನು ಗದರುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಗೋಡೆಯನ್ನು, ಇಲ್ಲವೇ ನೆಲದ ಒಂದು ಮೂಲೆಯನ್ನಾದರೂ ಬಿಟ್ಟುಕೊಡಿ. ಅಲ್ಲಿ ನಡೆಯುತ್ತಿರುವುದು ಬರಹದ ಮೊದಲ ಪಾಠ.

ಈ ಗೀಚುಗಳನ್ನು ಜೀವಮಾನವಿಡೀ ಕೂಡಿಟ್ಟವರು ಅಮೆರಿಕದ ರೋಡಾ ಕೆಲಾಗ್. ಸ್ಯಾನ್‌ಫ್ರಾನ್ಸಿಸ್ಕೋದ ಶಿಶುವಿಹಾರಗಳಲ್ಲಿ ಕೆಲಸ ಮಾಡುತ್ತ ಸುಮಾರು ಹತ್ತು ಲಕ್ಷ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿದರು. 1969ರಲ್ಲಿ ಬಂದ ಅವರ ಪುಸ್ತಕ ಗೀಚುಗಳಲ್ಲಿ ಇಪ್ಪತ್ತು ಮೂಲ ಬಗೆಗಳನ್ನು ಗುರುತಿಸುತ್ತದೆ. ಚುಕ್ಕಿ, ನಿಂತ ಗೆರೆ, ಮಲಗಿದ ಗೆರೆ, ಓರೆಗೆರೆ, ಸುರುಳಿ, ಮುಚ್ಚಿದ ಸುತ್ತು, ಹೀಗೆ. ಅವು ಕೂಡಿ ಆಕಾರಗಳಾಗುತ್ತವೆ. ವೃತ್ತದ ಸುತ್ತ ಕಡ್ಡಿಗಳು ಹುಟ್ಟಿ ಸೂರ್ಯನಾಗುತ್ತದೆ. ಸೂರ್ಯನೊಳಗೆ ಎರಡು ಚುಕ್ಕಿ ಬಿದ್ದರೆ ಅದು ಮುಖ. ಕೆಲಾಗ್ ಕಟ್ಟಿದ ಈ ಮೆಟ್ಟಿಲುಗಳನ್ನು ಎಲ್ಲ ಮಕ್ಕಳೂ ಒಂದೊಂದಾಗಿ ಹತ್ತುತ್ತಾರೆ ಎಂಬುದಕ್ಕೆ ನಂತರದವರಿಗೆ ಪುರಾವೆ ಸಿಗಲಿಲ್ಲ. ಅನೇಕ ಮಕ್ಕಳು ಸೂರ್ಯನನ್ನು ಮುಟ್ಟದೆಯೇ ಮನುಷ್ಯನಿಗೆ ಬರುತ್ತಾರೆ. ಆದರೂ ಗೀಚನ್ನು ಕಸವೆಂದು ಗುಡಿಸಿ ಎಸೆಯದೆ ಹತ್ತು ಲಕ್ಷ ಹಾಳೆಗಳನ್ನು ಎದುರಿಗಿಟ್ಟುಕೊಂಡು ನೋಡಿದ ಆ ತಾಳ್ಮೆಗೆ ನಾವೆಲ್ಲ ಋಣಿಗಳು.

ಇಷ್ಟು ಹೊತ್ತಿಗೆ ಕೈಯೊಳಗೂ ಕೆಲಸ ನಡೆದಿರುತ್ತದೆ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಹುಟ್ಟಿದ ಮಗುವಿನ ಮಣಿಕಟ್ಟಿನ ಎಕ್ಸ್-ರೇ ತೆಗೆದರೆ ಒಂದೂ ಕಾಣುವುದಿಲ್ಲ. ಅಲ್ಲಿರುವುದು ಬರೀ ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ. ಉಳಿದವು ವರ್ಷಕ್ಕೊಂದರಂತೆ ಎನ್ನುವಷ್ಟು ನಿಧಾನವಾಗಿ ಬರುತ್ತವೆ. ಏಳನೆಯದು ಕಾಣುವಾಗ ಮಗುವಿಗೆ ಆರೇಳು ವರ್ಷ. ಎಂಟನೆಯದು ಒಂಬತ್ತು ದಾಟಿದ ಮೇಲೆ. ಹಿಡಿತವೂ ಹಾಗೆಯೇ ಬದಲಾಗುತ್ತದೆ. ಮುಷ್ಟಿ ಬಿಚ್ಚಿ ಬೆರಳುಗಳು ಕೆಳಗಿಳಿಯುತ್ತವೆ. ಮೂರೂವರೆ ನಾಲ್ಕರ ಹೊತ್ತಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಪೆನ್ಸಿಲನ್ನು ಹಿಡಿಯುತ್ತವೆ, ಆದರೆ ಆಡುವುದು ಇನ್ನೂ ಮಣಿಕಟ್ಟೇ. ಬೆರಳುಗಳೇ ಮಡಚಿ ಚಾಚಿ ಗೆರೆಯನ್ನು ನಡೆಸುವುದು ಐದಾರು ವರ್ಷದ ಹೊತ್ತಿಗೆ. ಅದಕ್ಕೆ ಮೊದಲು ನಾಲ್ಕು ಗೆರೆಯ ಕಾಪಿ ಪುಸ್ತಕದೊಳಗೆ ಪುಟ್ಟ ಅಕ್ಷರ ಕೂರಿಸು ಎನ್ನುವುದು, ಇನ್ನೂ ಮೂಡದ ಯಂತ್ರದಿಂದ ದುಡಿಮೆ ಕೇಳಿದಂತೆ. ರೊಟ್ಟಿ ಹಿಟ್ಟು ನಾದುವ, ಬಟಾಣಿ ಸುಲಿಯುವ, ಹೂವು ಕಟ್ಟುವ, ಅಜ್ಜಿಯ ಜೊತೆ ಚುಕ್ಕಿ ಇಟ್ಟು ರಂಗೋಲಿಯ ಎಳೆ ಎಳೆಯುವ ಮಗು ಆ ಯಂತ್ರವನ್ನೇ ಹದ ಮಾಡಿಕೊಳ್ಳುತ್ತಿರುತ್ತದೆ.

ಇನ್ನು ಮನುಷ್ಯನಿಗೆ ಬರೋಣ. ಮೂರು ದಾಟಿದ ಮಗು ಬರೆಯುವ ಮೊದಲ ಮನುಷ್ಯನಿಗೆ ಮುಂಡವಿಲ್ಲ. ದೊಡ್ಡದೊಂದು ದುಂಡು, ಒಳಗೆ ಕಣ್ಣು, ಕೆಳಗೆ ನೇರವಾಗಿ ಎರಡು ಕಾಲು. ಕೈ ಇದ್ದರೆ ಅವೂ ತಲೆಯಿಂದಲೇ. ಗೊದಮೊಟ್ಟೆಯಂಥ ಈ ಆಕೃತಿಗೆ ಜರ್ಮನರು ‘ತಲೆಕಾಲ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಮಗುವಿಗೆ ಹೊಟ್ಟೆ ಇರುವುದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಕ್ಲೇರ್ ಗೋಲಂಬ್ ಎಂಬ ಸಂಶೋಧಕಿ ಮಕ್ಕಳ ಚಿತ್ರಗಳನ್ನೂ ಮಣ್ಣಿನ ಗೊಂಬೆಗಳನ್ನೂ ಜೊತೆಯಲ್ಲಿಟ್ಟು ನೋಡಿದರು. ಚಿತ್ರದಲ್ಲಿ ಹೊಟ್ಟೆ ಬಿಟ್ಟ ಮಗು, ಮನುಷ್ಯನಿಗೆ ಏನೇನು ಬೇಕು ಎಂದು ಒಂದೊಂದಾಗಿ ಕೇಳಿದಾಗ ಹೊಟ್ಟೆಯನ್ನೂ ಸೇರಿಸುತ್ತದೆ. ಬರೆದಾದ ಮೇಲೆ ‘ಹೊಕ್ಕುಳು ಎಲ್ಲಿದೆ ತೋರಿಸು’ ಎಂದರೆ ಎಷ್ಟೋ ಮಕ್ಕಳು ಹಿಂದೆಮುಂದೆ ನೋಡದೆ ಆ ದುಂಡಿನೊಳಗೋ ಎರಡು ಕಾಲಿನ ನಡುವೆಯೋ ಒಂದು ಚುಕ್ಕಿ ಇಡುತ್ತವೆ. ಮಗುವಿನ ದುಂಡು ಬರೀ ತಲೆಯಲ್ಲ. ಅದು ತಲೆ-ಹೊಟ್ಟೆ ಎರಡೂ ಕೂಡಿದ ‘ಮನುಷ್ಯ’. ತಿಳಿವಳಿಕೆಯಲ್ಲಿ ಕೊರತೆಯಿಲ್ಲ. ಗೊತ್ತಿರುವುದೆಲ್ಲವನ್ನೂ ಗೆರೆಗೆ ಇಳಿಸುವ ದಾರಿಯನ್ನು ಅದು ಇನ್ನೂ ಕಂಡುಕೊಳ್ಳುತ್ತಿದೆ.

ಫ್ರಾನ್ಸಿನ ಜಾರ್ಜ್-ಆನ್ರಿ ಲ್ಯುಕೆ ತನ್ನ ಮಗಳು ಸಿಮೋನ್ ಬರೆದ ಚಿತ್ರಗಳನ್ನು ವರ್ಷಗಟ್ಟಲೆ ಕೂಡಿಟ್ಟು 1913ರಲ್ಲಿ ಒಂದು ಪುಸ್ತಕ ಬರೆದ. 1927ರಲ್ಲಿ ಎಲ್ಲ ಮಕ್ಕಳ ಚಿತ್ರಕಲೆಯ ಬಗ್ಗೆ ಇನ್ನೊಂದು. ಅವನ ಮುಖ್ಯ ಮಾತು: ಮಗು ಕಂಡದ್ದನ್ನಲ್ಲ, ಬಲ್ಲದ್ದನ್ನು ಬರೆಯುತ್ತದೆ. ಮನೆಯ ಗೋಡೆಯ ಮೂಲಕ ಒಳಗಿನ ಮಂಚ ಕಾಣುತ್ತದೆ. ಕುದುರೆಯ ಆಚೆ ಬದಿಯ ಕಾಲೂ ಈಚೆ ಕಾಣುತ್ತದೆ. ನೆಲದಡಿಯ ಗಡ್ಡೆ, ಹೊಟ್ಟೆಯೊಳಗಿನ ಕೂಸು ಎಲ್ಲವೂ ಎದ್ದು ಕಾಣುತ್ತವೆ. 1972ರಲ್ಲಿ ನಾರ್ಮನ್ ಫ್ರೀಮನ್ ಮತ್ತು ಜಾನಿಕೂನ್ ಮಕ್ಕಳ ಮುಂದೆ ಒಂದು ಲೋಟ ಇಟ್ಟರು. ಅದರ ಹಿಡಿಕೆ ಹಿಂದಕ್ಕೆ ತಿರುಗಿ ಮರೆಯಾಗಿತ್ತು. ಮುಂದೆ ಒಂದು ಹೂವಿನ ಚಿತ್ರ ಎದ್ದು ಕಾಣುತ್ತಿತ್ತು. ಕಂಡಂತೆ ಬರೆಯಿರಿ ಎಂದರು. ಐದರಿಂದ ಏಳರವರೆಗಿನ ಮಕ್ಕಳು ಕಾಣದ ಹಿಡಿಕೆಯನ್ನು ಬರೆದು, ಕಾಣುವ ಹೂವನ್ನು ಬಿಟ್ಟವು. ಎಂಟು ತುಂಬಿದವರು ಹೂವು ಬರೆದು ಹಿಡಿಕೆ ಬಿಟ್ಟರು. ಚಿಕ್ಕ ಮಕ್ಕಳ ಉತ್ತರವೇ ನನಗೆ ಹೆಚ್ಚು ಇಷ್ಟ. ಹೂವಿಲ್ಲದಿದ್ದರೂ ಅದು ಹಿಡಿಕೆಯ ಲೋಟವೇ. ಹಿಡಿಕೆಯಿಲ್ಲದಿದ್ದರೆ ಬೇರೊಂದು ಪಾತ್ರೆ.

ಈಗ ಆನ್ಫಿಮನ ಬಾಚಣಿಗೆ ಬಿಡಿಸಿಕೊಳ್ಳುತ್ತದೆ. ಬೆರಳೆಂದರೆ ಕೈಯ ತುದಿಯಲ್ಲಿ ಸಾಲಾಗಿ ಚಾಚಿಕೊಂಡಿರುವ ಹಲವು ಕಡ್ಡಿಗಳು ಎಂಬುದು ಅವನಿಗೆ ಗೊತ್ತಿತ್ತು, ಅದನ್ನು ಬರೆದ. ಎಷ್ಟು ಎಂಬುದು ಆ ಹೊತ್ತಿಗೆ ಮುಖ್ಯವಾಗಿರಲಿಲ್ಲ. ಈಟಿ ಹಿಡಿಯಲು ಕೈ ಬೇಕಿತ್ತು, ಕೈ ಬಂತು.

ಮಕ್ಕಳ ಚಿತ್ರದಿಂದ ಅವರ ಬುದ್ಧಿಯನ್ನು ಅಳೆಯುವ ಹಂಬಲವೂ ಹಳೆಯದೇ. 1926ರಲ್ಲಿ ಫ್ಲಾರೆನ್ಸ್ ಗುಡೆನಫ್ ‘ಮನುಷ್ಯನನ್ನು ಬರೆ’ ಎಂಬ ಪರೀಕ್ಷೆ ರೂಪಿಸಿದರು. ಕಣ್ಣಿಗೊಂದು, ಕಿವಿಗೊಂದು ಎಂದು ಅಂಕ. ಪ್ರಮೀಳಾ ಫಾಟಕ್ ಅದನ್ನು ಭಾರತದ ಮಕ್ಕಳಿಗೆ ಒಗ್ಗಿಸಿದರು. ತಜ್ಞರ ಕೈಯಲ್ಲಿ ಅದಕ್ಕೆ ಸೀಮಿತ ಉಪಯೋಗವಿದೆ. ಮನೆಯಲ್ಲಿ ಕೂತು ಮಗು ಕಿವಿ ಬರೆಯಲಿಲ್ಲವೆಂದು ಗಾಬರಿಯಾಗುವುದು ಮಾತ್ರ ಬೇಡ.

ಅಕ್ಷರದ ಬಾಗಿಲು ತೆರೆಯುವುದು ಆಕಾರಗಳ ಮೂಲಕ. ನೋಡಿ ಬರೆಯುವ ಸಾಮರ್ಥ್ಯಕ್ಕೆ ಒಂದು ಕ್ರಮವಿದೆ. ಎರಡರ ಹೊತ್ತಿಗೆ ನಿಂತ ಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡುಗೆರೆ, ಐದರೊಳಗೆ ಚೌಕ, ಐದು ದಾಟಿ ತ್ರಿಕೋನ. ಇಸ್ಪೀಟಿನ ಡೈಮಂಡ್ ಆಕಾರ ಬರಲು ಆರೇಳು ವರ್ಷ ಬೇಕು. ಓರೆಗೆರೆಯೇ ತೊಡಕು. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಎಂಬ ಎರಡು ಲೆಕ್ಕಗಳನ್ನು ಒಟ್ಟಿಗೆ ಹಿಡಿದು ಕೈ ನಡೆಯಬೇಕು. ಇಂಗ್ಲಿಷಿನ ಎ, ಕೆ, ಎಕ್ಸ್‌ಗಳಲ್ಲಿ ಓರೆಗೆರೆಯದೇ ದರ್ಬಾರು. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಬೆಳೆದ ನಮ್ಮ ಲಿಪಿ ದುಂಡು. ನೇರ ಗೆರೆ ಗರಿಯನ್ನು ಸೀಳಿಬಿಡುತ್ತದೆಂದು ಅಕ್ಷರ ದುಂಡಾಯಿತು ಎನ್ನುತ್ತಾರೆ. ಮೂರರ ಮಗುವಿಗೆ ವೃತ್ತ ಬರುತ್ತದೆಂದಾದರೆ ಕನ್ನಡ ಅಕ್ಷರ ಬಹಳ ಸುಲಭವಾಗಬೇಕಲ್ಲವೇ? ಅಷ್ಟು ಸುಲಭವಲ್ಲ. ‘ಅ’ ಬರೆದು ನೋಡಿ, ಕೈ ನಡುದಾರಿಯಲ್ಲಿ ಎಷ್ಟು ಸಲ ದಿಕ್ಕು ಬದಲಿಸುತ್ತದೆ! ವರ್ಣಮಾಲೆ ‘ಅ’ದಿಂದ ಶುರುವಾಗುವುದು ಬಾಯಿಯ, ಉಚ್ಚಾರದ ಲೆಕ್ಕದಲ್ಲಿ; ಆ ಲೆಕ್ಕ ಅದ್ಭುತವಾದದ್ದು. ಕೈಯ ಲೆಕ್ಕ ಬೇರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಇದನ್ನು ಅರಿತು ‘ರ, ಗ, ಸ, ದ, ಅ’ ಎಂಬ ಕ್ರಮ ಹಿಡಿಯಿತು. ಒಂದು ದುಂಡಿಗೆ ತಲೆಕಟ್ಟು ಹಾಕಿದರೆ ‘ರ’. ಐದು ಅಕ್ಷರ ಬಂದರೆ ‘ಸರ’, ‘ಗರ’, ‘ಅರಸ’ ಬರೆಯಬಹುದು. ‘ಅರಸ’ ಬರೆದ ಮಗು ಪಕ್ಕದಲ್ಲಿ ಕಿರೀಟವನ್ನೂ ಬರೆಯುತ್ತದೆ.

ಅಕ್ಷರ ಕಲಿಯುವ ಬಹಳ ಮೊದಲೇ ಮಗು ‘ಬರೆಯುತ್ತದೆ’ ಎಂಬುದನ್ನು ನಾವು ಕಾಣುವುದೇ ಇಲ್ಲ. ನಾಲ್ಕರ ಮಗು ಹಾಳೆಯ ತುಂಬ ಅಲೆ ಅಲೆಯಾಗಿ ಗೆರೆ ಎಳೆದು, ‘ಅಜ್ಜಿಗೆ ಕಾಗದ ಬರೆದೆ’ ಎನ್ನುತ್ತದೆ; ಚಿತ್ರ ಬರೆದದ್ದು ಬೇರೆ, ಇದು ಬೇರೆ ಎಂಬುದು ಅದಕ್ಕೆ ಸ್ಪಷ್ಟ. ಮನೋವಿಜ್ಞಾನಿ ಲೂರಿಯಾ 1929ರಲ್ಲಿ ಓದು ಬರಹ ಬಾರದ ಮಕ್ಕಳಿಗೆ ಕೆಲವು ವಾಕ್ಯ ಹೇಳಿ, ನೆನಪಿಗಾಗಿ ‘ಬರೆದಿಟ್ಟುಕೊಳ್ಳಿ’ ಎಂದ. ತೀರ ಚಿಕ್ಕವರ ಗೀಚು ನೆನಪಿಗೆ ನೆರವಾಗಲಿಲ್ಲ. ಆದರೆ ವಾಕ್ಯದಲ್ಲಿ ಸಂಖ್ಯೆಯೋ ಬಣ್ಣವೋ ಬಂದಾಗ ಗೀಚು ಬದಲಾಯಿತು. ಗೆರೆಗಳ ಎಣಿಕೆ, ದಪ್ಪ, ಕಪ್ಪು ಅರ್ಥ ಹೊರತೊಡಗಿದವು. ಮಾತನ್ನು ಗುರುತಿನಲ್ಲಿ ಹಿಡಿದಿಡಬಹುದು ಎಂಬ ಮಾನವಕುಲದ ಆವಿಷ್ಕಾರವನ್ನು ಆ ಮಕ್ಕಳು ಒಂದು ಮೇಜಿನ ಮುಂದೆ ಹೊಸದಾಗಿ ಮಾಡುತ್ತಿದ್ದರು.

ಅರ್ಜೆಂಟೀನಾದ ಎಮಿಲಿಯಾ ಫೆರೇರೋ, ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆಯ ಬಳಿ ಕಲಿತವರು. ಆನಾ ತೆಬೆರೋಸ್ಕಿ ಅವರ ಜೊತೆ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ‘ತಪ್ಪು’ಗಳನ್ನೆಲ್ಲ ಸಿದ್ಧಾಂತಗಳೆಂದು ಓದಿದರು. ಒಂದೆರಡೇ ಅಕ್ಷರವಿದ್ದರೆ ಅದನ್ನು ಓದಲಾಗದು, ಮೂರಾದರೂ ಬೇಕು ಎಂದು ಮಕ್ಕಳು ನಂಬುತ್ತಾರೆ. ಒಂದೇ ಅಕ್ಷರ ಮತ್ತೆ ಮತ್ತೆ ಬಂದರೂ ಅದು ಓದುವಂಥದ್ದಲ್ಲ. ದೊಡ್ಡ ಪ್ರಾಣಿಗೆ ಉದ್ದ ಹೆಸರಿರಬೇಕು. ಆಮೇಲೊಂದು ದಿನ ಮಗು ಬಾಯಿಯ ಬಡಿತಕ್ಕೊಂದರಂತೆ ಅಕ್ಷರ ಇಡತೊಡಗುತ್ತದೆ: ಸ್ಪ್ಯಾನಿಷಿನ ‘ಗಾತೊ’ (ಬೆಕ್ಕು) ಪದಕ್ಕೆ ಎರಡೇ ಅಕ್ಷರ. ಸ್ಪ್ಯಾನಿಷ್ ಕಲಿಯುವ ಮಗುವಿಗೆ ಇದು ದಾಟಿ ಹೋಗಬೇಕಾದ ಹಂತ, ಏಕೆಂದರೆ ಆ ಬರಹ ಒಂದೊಂದು ಧ್ವನಿಗೂ ಬೇರೆ ಅಕ್ಷರ ಕೇಳುತ್ತದೆ. ಕನ್ನಡದಲ್ಲೋ, ಮಗುವಿನ ಊಹೆಯೇ ಲಿಪಿಯ ನಿಯಮ. ‘ಮರ’ಕ್ಕೆ ಎರಡು ಬಡಿತ, ಎರಡು ಅಕ್ಷರ. ಈ ಹೊಂದಾಣಿಕೆ ನಮ್ಮ ಮಕ್ಕಳಿಗೆ ಸಿಕ್ಕ ದೊಡ್ಡ ಭಾಗ್ಯ.

ಅದರ ಬೆಲೆಯನ್ನು ಮುಂದೆ ತೆರಬೇಕಾಗುತ್ತದೆ. ‘ಕಿ’ಯೊಳಗೆ ‘ಕ್’ ಮತ್ತು ‘ಇ’ ಎರಡಿವೆ ಎಂಬುದು ಕಿವಿಗೆ ಬೇಗ ಸಿಗುವುದಿಲ್ಲ, ಕಣ್ಣಿಗೂ ಸಿಗುವುದಿಲ್ಲ. ಗುಡಿಸು ಅಕ್ಷರದ ಮೈಗೇ ಅಂಟಿಕೊಂಡಿರುತ್ತದೆ. ನಲವತ್ತೊಂಬತ್ತು ವರ್ಣಗಳು ಕಾಗುಣಿತ ಹೊಕ್ಕರೆ ನಾನೂರು ದಾಟುತ್ತವೆ, ಒತ್ತಕ್ಷರ ಸೇರಿದರೆ ಇನ್ನೂ ಹೆಚ್ಚು. ಕನ್ನಡ ಮಕ್ಕಳ ಓದಿನ ಮೇಲೆ ದೀರ್ಘಕಾಲ ಕೆಲಸ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ, ಬಿಡಿ ಧ್ವನಿಯ ಅರಿವು ನಿಧಾನವಾಗಿ ಬರುತ್ತದೆ ಎಂದು ತೋರಿಸಿತು. ‘ಅಮ್ಮ’ ಎನ್ನಲು ‘ಅಮ’ ಎಂದು ಬರೆದ ಮಗುವನ್ನು ಹೀಗೆ ನೋಡಿದರೆ ಕೋಪ ಬರುವುದಿಲ್ಲ. ಎರಡು ಬಡಿತಕ್ಕೆ ಎರಡು ಅಕ್ಷರ ಇಟ್ಟಿದೆ. ಒತ್ತಿನ ಸಂಗತಿ ಮುಂದಿನ ಪಾಠ. ಎಂಟುನೂರು ವರ್ಷದ ಹಿಂದೆ ಆನ್ಫಿಮನೂ ಇದೇ ಬೆಟ್ಟ ಹತ್ತಿದ್ದ. ಅವನ ತೊಗಟೆಯ ಮೇಲೆ ‘ಬಾ ವಾ ಗಾ ದಾ’, ‘ಬೇ ವೇ ಗೇ ದೇ’ ಎಂಬ ಸಾಲುಗಳಿವೆ. ನಾವು ಒಂದು ವ್ಯಂಜನ ಹಿಡಿದು ಸ್ವರ ಬದಲಿಸಿ ಬಳ್ಳಿ ಹಬ್ಬಿಸುತ್ತೇವೆ, ಅವನು ಒಂದು ಸ್ವರ ಹಿಡಿದು ವ್ಯಂಜನ ಬದಲಿಸಿದ್ದಾನೆ.

ತಿದ್ದಿಸುವ ನಮ್ಮ ರೂಢಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಶೃಂಗೇರಿಯಲ್ಲೋ ಮನೆಯ ದೇವರ ಮುಂದೋ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಓಂಕಾರ ಬರೆಸುವುದು ಸುಂದರವಾದ ಸಂಭ್ರಮ. ಹಿಂದಿನ ಮಠಗಳಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕಲಿತವರ ಅಕ್ಷರ ಮುತ್ತಿನಂತಿತ್ತು. ಮರಿಯಾ ಮಾಂಟೆಸ್ಸೊರಿ ಕೂಡ ಮರಳು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಲು ಕೊಟ್ಟರು. 1907ರಲ್ಲಿ ರೋಮಿನ ಬಡವರ ಬಡಾವಣೆ ಸಾನ್ ಲೊರೆಂಜೊದಲ್ಲಿ ಅವರ ಮೊದಲ ಶಾಲೆ ತೆರೆಯಿತು. ಡಿಸೆಂಬರಿನ ಒಂದು ಬಿಸಿಲಿನ ದಿನ ತಾರಸಿಯ ಮೇಲೆ ಐದರ ಹುಡುಗನಿಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬರೆ ಎಂದರು. ಅವನು ನೆಲದ ಮೇಲೆ ಬರೆದ. ಬರೆದು ಒಂದು ಗಳಿಗೆ ಸುಮ್ಮನಿದ್ದು, ತನಗೆ ಅಕ್ಷರ ಬರೆಯಲು ಬರುತ್ತದೆಂದು ಕೂಗಿ, ಅಲ್ಲೇ ‘ಕೈ’ ಎಂಬ ಪದ ಬರೆದ. ಆಮೇಲೆ ‘ಹೊಗೆಗೂಡು’, ಆಮೇಲೆ ‘ಮಾಡು’. ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ. ಚಿತ್ರದ ಬೆನ್ನಿಗೇ ಪದ ಬಂದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಬೆರಳಾಡಿಸಿದ್ದು ಅಲ್ಲಿಗೇ ನಿಂತುಹೋದರೆ ಏನಾಗುತ್ತದೆ? ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಇನ್ನೂ ಓದಲು ಬಾರದ ಐದರ ಮಕ್ಕಳು ಕೆಲವು ಅಕ್ಷರಗಳನ್ನು ತಾವೇ ನೋಡಿ ಬರೆದರು, ಕೆಲವನ್ನು ಚುಕ್ಕಿಗಳ ಮೇಲೆ ತಿದ್ದಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿದರು. ಬಳಿಕ ಆ ಅಕ್ಷರಗಳನ್ನು ನೋಡುತ್ತಿರುವಾಗ ಅವರ ಮೆದುಳಿನ ಸ್ಕ್ಯಾನ್ ತೆಗೆದರು. ದೊಡ್ಡವರು ಓದುವಾಗ ಎಚ್ಚರಗೊಳ್ಳುವ ಭಾಗಗಳು, ಮಕ್ಕಳು ಸ್ವಂತ ಕೈಯಲ್ಲಿ ಬರೆದ ಅಕ್ಷರಗಳಿಗೆ ಎಚ್ಚೆತ್ತವು. ತಿದ್ದಿದ, ಒತ್ತಿದ ಅಕ್ಷರಗಳಿಗೆ ಹಾಗೆ ಎಚ್ಚೆತ್ತುಕೊಳ್ಳಲಿಲ್ಲ. ಸಂಶೋಧಕರು ಕೊಡುವ ವಿವರಣೆ ಹೀಗಿದೆ: ಮಗು ತಾನೇ ಬರೆದ ಅಕ್ಷರ ಪ್ರತಿ ಸಲವೂ ಬೇರೆ. ಒಮ್ಮೆ ದಪ್ಪ, ಒಮ್ಮೆ ಸೊಟ್ಟ. ಹತ್ತು ಸೊಟ್ಟ ‘ಪ’ಗಳನ್ನು ಬರೆದು ನೋಡಿದಾಗ ‘ಪ’ಕ್ಕೆ ಏನು ಬೇಕೇಬೇಕು ಎಂಬುದು ಮೆದುಳಿಗೆ ತಿಳಿಯುತ್ತದೆ. ಸೊಟ್ಟಗಿದ್ದರೂ ‘ಪ’ವೇ, ಹೊಟ್ಟೆ ಸೀಳಿದರೆ ಮಾತ್ರ ‘ಷ’. ಚುಕ್ಕಿಯ ಮೇಲೆ ನೂರು ಸಲ ತಿದ್ದಿದವನಿಗೆ ಸಿಗುವುದು ಒಂದೇ ‘ಪ’.

ನಾವು ಕಾಗೆಕಾಲು ಗುಬ್ಬಿಕಾಲು ಎಂದು ಅಳಿಸಿ ಹಾಕುವ ಆ ಅಕ್ಷರಗಳೇ ಕಲಿಕೆಯನ್ನು ನಡೆಸುತ್ತಿರುತ್ತವೆ. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳೂ ಹಾಗೆಯೇ. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಲೋಟ ಲೋಟವೇ ಎಂದು ಕಲಿತ ಮೆದುಳಿಗೆ ಅಕ್ಷರ ಮಾತ್ರ ಹಾಗಲ್ಲ ಎಂದು ಒಪ್ಪಿಕೊಳ್ಳಲು ಹೊತ್ತು ಬೇಕು. ಆರೇಳು ವರ್ಷದವರೆಗೆ ಇದು ಸಹಜ. ಎಡಗೈಯಲ್ಲಿ ಬರೆಯುವ ಮಗುವಿನ ಕೈಯನ್ನು ಬದಲಿಸಲು ಹೋಗಬೇಡಿ. ಅದು ದೋಷವೂ ಅಲ್ಲ, ಅಪಶಕುನವೂ ಅಲ್ಲ.

ಪೋಷಕರಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ, ಒಂದನೇ ತರಗತಿಯ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇದು. ಮಗುವಿನ ಚಿತ್ರ ನೋಡಿ ‘ಇದೇನು?’ ಎಂದು ಕೇಳುವ ಬದಲು ‘ಇದರ ಕಥೆ ಹೇಳು’ ಎನ್ನಿ. ಹೇಳಿದ್ದನ್ನು ಅದರ ಮಾತಿನಲ್ಲೇ ಹಾಳೆಯ ಕೆಳಗೆ ಅದರ ಕಣ್ಣೆದುರಿಗೇ ಬರೆಯಿರಿ. ತನ್ನ ಮಾತು ಗೆರೆಯಾಗುವುದನ್ನು ಅದು ನೋಡಲಿ. ಹಿಂಬದಿಯಲ್ಲಿ ತಾರೀಖು ಹಾಕಿ ಎತ್ತಿಡಿ. ಐದು ತುಂಬುವ ಮುನ್ನ ಕಾಪಿ ಪುಸ್ತಕ ಬೇಡ, ಬಳಪ, ಇದ್ದಿಲು, ಮಣ್ಣು, ರಂಗೋಲಿ ಪುಡಿ ಬೇಕು. ಕಾಗುಣಿತ ಬರೆಯಲು ಕೂತ ಮಗು ಬಳ್ಳಿಯನ್ನು ಅರ್ಧಕ್ಕೆ ಬಿಟ್ಟು ಕುದುರೆ ಬರೆಯತೊಡಗಿದರೆ, ದಯವಿಟ್ಟು ಆ ಕುದುರೆ ಮುಗಿಯುವ ತನಕ ಕಾಯಿರಿ.